ಕೆಂಡಗಣ್ಣಪ್ಪನವರ ಮಂಚದ ಕೆಳಗೆ

ನಾನು ಆಸ್ಪತ್ರೆಯ ಮಂಚದ ಕೆಳಗಿರುವ ಸ್ಟೀಲಿನ ಪಾಟು. ಏಳಲಾಗದ ಗಂಡಸರು ಮಲಗಿದಲ್ಲೇ ಒಂದಕ್ಕೆ ಹೋಗಲು ಇಟ್ಟ ಪಾತ್ರೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಕಾರ್ಖಾನೆಯಲ್ಲಿ ಒಂದೇ ತಗಡಿನಿಂದ ನನ್ನ ಜೊತೆ ಹುಟ್ಟಿದವು ಲೋಟಗಳಾದವು, ತಟ್ಟೆಗಳಾದವು. ಅಂಗಡಿಯವನು ಅವನ್ನು ಗಾಜಿನ ಬೀರುವಿನಲ್ಲಿ ಜೋಡಿಸಿ, ನನ್ನನ್ನು ಹಳೇ ಪೇಪರಿನಲ್ಲಿ ಸುತ್ತಿ ಮೂಲೆಗಿಟ್ಟ. ಮೈಸೂರಿನ ಒಂದು ಆಸ್ಪತ್ರೆಯವರು ನನ್ನನ್ನು ಕೊಂಡರು. ಮೊದಲು ಮೂಳೆ ಮುರಿದವರ ವಾರ್ಡಿನಲ್ಲಿದ್ದೆ. ಆಮೇಲೆ ರಕ್ತನಾಳದ ಆಪರೇಷನ್ ಆದವರ ವಾರ್ಡಿಗೆ ಬಂದೆ. ಎಲ್ಲಿದ್ದರೂ ನನ್ನನ್ನು ಕೇಳುವವರು ದನಿ ತಗ್ಗಿಸುತ್ತಿದ್ದರು, ಒಯ್ಯುವವರು ಮೇಲೊಂದು ಬಟ್ಟೆ ಮುಚ್ಚಿ ಮುಖ ಆಚೆ ತಿರುಗಿಸುತ್ತಿದ್ದರು.

ಆ ವಾರ್ಡಿಗೆ ಪೈಲ್ವಾನ್ ಕೆಂಡಗಣ್ಣಪ್ಪನವರು ಬಂದರು. ಎಪ್ಪತ್ತು ದಾಟಿದ್ದರೂ ಗರಡಿಯಲ್ಲಿ ಹುಡುಗರಿಗೆ ಕುಸ್ತಿಯ ಪಟ್ಟು ಹೇಳಿಕೊಡುತ್ತಿದ್ದವರು. ಒಂದು ಬೆಳಿಗ್ಗೆ ಗರಡಿಯ ಮಣ್ಣು ಹದ ಮಾಡುವಾಗ ಎಡಗೈ ಜೋಮು ಹಿಡಿದು ಮಾತು ತೊದಲಿತಂತೆ. ಸ್ವಲ್ಪ ಹೊತ್ತಿಗೆ ಸರಿಹೋಯಿತು. ಆದರೆ ಮಿದುಳಿಗೆ ರಕ್ತ ಒಯ್ಯುವ ಕತ್ತಿನ ನಾಳದಲ್ಲಿ ಕೊಬ್ಬು ಕಟ್ಟಿದೆ, ಹೀಗೇ ಬಿಟ್ಟರೆ ಲಕ್ವ ಹೊಡೆಯುತ್ತದೆ ಎಂದು ಡಾಕ್ಟರು ನಾಳ ಕೊಯ್ದು ಶುಚಿ ಮಾಡಿದರು. ಎರಡು ಮೂರು ದಿನದಲ್ಲಿ ಮನೆಗೆ ಹೋಗಬಹುದು ಎಂದಿದ್ದರು. ಪಕ್ಕದ ಮಂಚದ ಮೇಷ್ಟ್ರು ಅದೇ ಆಪರೇಷನ್ ಮಾಡಿಸಿಕೊಂಡು ಹಾಗೆಯೇ ಮನೆಗೆ ಹೋದರು. ಕೆಂಡಗಣ್ಣಪ್ಪನವರ ಬಿ.ಪಿ. ಮಾತ್ರ ಇಳಿಯಲೊಲ್ಲದು.

ಅವರ ಹೆಂಡತಿ ತೀರಿಕೊಂಡಿದ್ದರು. ಮಗ ಲಾರಿ ಓಡಿಸಿಕೊಂಡು ಮಹಾರಾಷ್ಟ್ರದ ಕಡೆ ಹೋಗಿದ್ದ. ಜೊತೆಗಿದ್ದವಳು ಸೊಸೆ ಪ್ರಭಾಮಣಿ ಒಬ್ಬಳೇ. ಚಿಕ್ಕ ಮಗಳನ್ನು ತವರಿನಲ್ಲಿ ಬಿಟ್ಟು ಬಂದಿದ್ದಳು. ಮನೆಯಲ್ಲಿ ಮಾವ ಜಗಲಿಗೆ ಬಂದರೆ ಸೆರಗು ಸರಿಮಾಡಿಕೊಂಡು ಒಳಗೆ ಸರಿಯುವವಳು. ಈಗ ಅದೇ ಸೊಸೆ ನನ್ನನ್ನು ಎತ್ತಿಕೊಂಡು ಹೋಗಿ, ಸುರಿದು, ತೊಳೆದು ತರಬೇಕು. ಈ ಯೋಚನೆಗೇ ಅವರ ಮೈ ಹಿಡಿಯಾಗುತ್ತಿತ್ತು.

ಆಪರೇಷನ್ ಹೊತ್ತಿನಲ್ಲಿ ಹಾಕಿದ್ದ ಮೂತ್ರದ ಪೈಪನ್ನು ತೆಗೆದಿದ್ದರು. ಬಿ.ಪಿ. ಇಳಿಯುವವರೆಗೆ ಮಂಚ ಬಿಟ್ಟು ಏಳಬೇಡಿ ಎಂದಿದ್ದರು. ಮತ್ತಿನ ಔಷಧ, ವಯಸ್ಸು ಎರಡೂ ಸೇರಿ ಮಲಗಿಕೊಂಡು ಒಂದಕ್ಕೆ ಹೋಗುವುದೇ ಕಷ್ಟ. ಅದರ ಮೇಲೆ ನಾಚಿಕೆ. ಪರದೆ ಎಳೆಸಿಕೊಂಡು, ನನ್ನನ್ನು ಹಿಡಿದು, ಕಣ್ಣುಮುಚ್ಚಿ ಕಾದರು. ಪರದೆಯ ಅಡಿಯಲ್ಲಿ ಪ್ರಭಾಮಣಿಯ ಕಾಲುಂಗುರದ ಬೆರಳು ಕಾಣುತ್ತಿತ್ತು. ಏನೂ ಆಗಲಿಲ್ಲ. ಅಷ್ಟರಲ್ಲಿ ಸಿಸ್ಟರ್ ಬರುವ ಸಪ್ಪಳವಾಯಿತು. ಕೆಂಡಗಣ್ಣಪ್ಪನವರು ಕೈಚಾಚಿ, ಕುಡಿಯಲು ಇಟ್ಟಿದ್ದ ನೀರನ್ನು ನನ್ನೊಳಗೆ ಸುರಿದುಬಿಟ್ಟರು. ತಣ್ಣಗಿತ್ತು. ಆಯಿತೇ ಎಂದು ಸಿಸ್ಟರ್ ಕೇಳಿದರು, ಆಯಿತು ಎಂದು ಇವರು ಹೇಳಿದರು. ಪ್ರಭಾಮಣಿ ಬಟ್ಟೆ ಮುಚ್ಚಿ, ಮುಖ ತಿರುಗಿಸಿಕೊಂಡೇ ಒಯ್ದು ಸುರಿದಳು. ಯಾರೂ ನೋಡಲಿಲ್ಲ.

ಮರುದಿನವೂ ಅದೇ ನಡೆಯಿತು. ಆಗಾಗ ನಾಲ್ಕು ಹನಿ ಪಂಚೆಗೇ ಇಳಿದಾಗ ಹೊದಿಕೆ ಬಿಗಿಯಾಗಿ ಎಳೆದುಕೊಂಡರು. ಬಾಯಾರಿಕೆಯಿಲ್ಲ ಎಂದು ಹನಿ ನೀರೂ ಕುಡಿಯಲಿಲ್ಲ. ಹಣೆಯ ಮೇಲೆ ಬೆವರು ಸಾಲುಗಟ್ಟಿತು. ಡಾಕ್ಟರು ಡ್ರಿಪ್ಪಿನ ಔಷಧ ಏರಿಸಿದರು. ಕತ್ತಿನ ಗಾಯದ ಸುತ್ತ ಊದಿಕೊಳ್ಳತೊಡಗಿತ್ತು. ಬಿ.ಪಿ. ಹೀಗೇ ಇದ್ದರೆ ಮಿದುಳಿನಲ್ಲಿ ರಕ್ತನಾಳ ಒಡೆಯಬಹುದು, ಊತ ಹೆಚ್ಚಾದರೆ ಕತ್ತನ್ನು ಮತ್ತೆ ತೆರೆಯಬೇಕಾಗುತ್ತದೆ ಎಂದು ಪ್ರಭಾಮಣಿಗೆ ಹೇಳಿದರು. ಕೆಂಡಗಣ್ಣಪ್ಪನವರು ಕೇಳಿಸಿಕೊಂಡರು. ಆದರೆ ಎದುರಾಳಿ ಎದೆಯ ಮೇಲೆ ಕೂತಾಗಲೂ ಸೋತೆ ಎನ್ನದಿದ್ದವರಿಗೆ ಒಂದಕ್ಕೆ ಆಗುತ್ತಿಲ್ಲ ಎಂದು ಹೇಳಲಾಗಲಿಲ್ಲ.

ಆ ಮಧ್ಯಾಹ್ನ ಪ್ರಭಾಮಣಿ ನನ್ನನ್ನು ಒಯ್ಯುವಾಗ ಬಚ್ಚಲ ಬಾಗಿಲಲ್ಲಿ ಬಟ್ಟೆ ಜಾರಿತು. ಎತ್ತಿಕೊಳ್ಳಲು ಬಗ್ಗಿದವಳು ನನ್ನೊಳಗೆ ನೋಡಿದಳು. ನನ್ನ ಹೊಟ್ಟೆಗೆ ಅಂಗೈ ಒತ್ತಿ ನೋಡಿದಳು. ಸುರಿಯದೆ ಹಾಗೇ ವಾಪಸು ತಂದು, ಪರದೆ ಎಳೆದು, ಮಂಚದ ಪಕ್ಕ ಕೂತಳು.

"ಮಾವ, ಇದು ನೀರು."

ಅವರಿಗೆ ಮುಖ ತಿರುಗಿಸಿಕೊಳ್ಳಬೇಕಿತ್ತು. ಕತ್ತಿನ ಹೊಲಿಗೆ ಬಿಡಲಿಲ್ಲ. ಕಣ್ಣುಮುಚ್ಚಿಕೊಂಡರು. ಕಣ್ಣಂಚಿನಿಂದ ಹನಿ ಜಾರಿ ಕಿವಿಗೆ ಇಳಿಯಿತು.

"ಸೊಸೆ ಕೈಲಿ ಇದ್ನ ಎತ್ತಿಸ್ಬೇಕಲ್ಲ ಕಣವ್ವ," ಎಂದರು. "ನಾಚ್ಕೆ ಆಯ್ತದೆ."

ಇದರಲ್ಲಿ ನಾಚಿಕೆಯೇನು ಎಂದು ಆಕೆ ಹೇಳಬಹುದಿತ್ತು. ವಾರ್ಡಿನಲ್ಲಿ ಎಲ್ಲರೂ ಹಾಗೇ ಹೇಳುತ್ತಾರೆ. ಪ್ರಭಾಮಣಿ ಸೆರಗಿನ ತುದಿ ತಿರುಚುತ್ತ ನೆಲ ನೋಡಿಕೊಂಡು ಹೇಳಿದಳು:

"ನಂಗೂ ನಾಚ್ಕೆನೇ ಮಾವ. ನಾಚ್ಕೊಂಡೇ ಎತ್ತೀನಿ. ನೀವೂ ನಾಚ್ಕೊಂಡೇ ಹೋಗಿ."

ಅವಳು ಎದ್ದು ಹೋಗಿ ಸಿಸ್ಟರಿಗೆ ಇದ್ದದ್ದನ್ನು ಹೇಳಿದಳು. ಡಾಕ್ಟರು ಬಂದು ಅವರ ಕಿಬ್ಬೊಟ್ಟೆ ಒತ್ತಿದರು, ಕಲ್ಲಿನಂತೆ ಬಿಗಿದಿತ್ತು. ಮೂತ್ರ ಕಟ್ಟಿಕೊಂಡದ್ದರಿಂದಲೇ ಬಿ.ಪಿ. ಇಳಿಯುತ್ತಿಲ್ಲ ಎಂದರು, ಬೈಯಲಿಲ್ಲ. ಮತ್ತೆ ಪೈಪು ಹಾಕಿಸಿದರು. ಹೊಟ್ಟೆ ಹಗುರಾಗುತ್ತಿದ್ದಂತೆ ಬಿ.ಪಿ. ತಗ್ಗುತ್ತ ಬಂತು, ಸಂಜೆಗೆ ಡ್ರಿಪ್ಪಿನ ಔಷಧ ಕಡಿಮೆ ಮಾಡಿದರು. ಕತ್ತಿನ ಊತ ಅಷ್ಟಕ್ಕೇ ನಿಂತಿತು. ಆದರೆ ಮೂತ್ರಕೋಶ ಹಿಗ್ಗಿಹೋಗಿದ್ದರಿಂದ ಪೈಪು ಇನ್ನೂ ಕೆಲವು ದಿನ ಇರಬೇಕಾಯಿತು. ಹೀಗೆ ಆಸ್ಪತ್ರೆವಾಸ ಬೆಳೆಯಿತು. ಅದು ತಾನೇ ತಂದುಕೊಂಡದ್ದು ಎಂದು ಕೆಂಡಗಣ್ಣಪ್ಪನವರಿಗೆ ಗೊತ್ತಿತ್ತು. ನೆಲದ ಮೇಲೆ ಚಾಪೆ ಹಾಕಿಕೊಂಡು, ಫೋನಿನಲ್ಲಿ ಮಗಳನ್ನು ಸಮಾಧಾನ ಮಾಡುವ ಸೊಸೆಯ ಮಾತು ಕೇಳಿದಾಗಲೆಲ್ಲ ಊಟದ ತಟ್ಟೆ ಪಕ್ಕಕ್ಕೆ ಸರಿಸುತ್ತಿದ್ದರು.

ಪೈಪು ತೆಗೆದ ದಿನ ಮಂಚದ ಪಕ್ಕ ಎದ್ದು ನಿಲ್ಲಲು ಡಾಕ್ಟರು ಒಪ್ಪಿದರು. ಅವರು ಒಂದು ಕೈಯಲ್ಲಿ ನನ್ನನ್ನು ಹಿಡಿದು, ಇನ್ನೊಂದನ್ನು ಸೊಸೆಯ ಭುಜದ ಮೇಲಿಟ್ಟರು. ಆಕೆ ಕಿಟಕಿಯ ಕಡೆ ಮುಖ ಮಾಡಿ, ಮಗಳ ಹಾಲುಹಲ್ಲು ಬಿದ್ದದ್ದನ್ನು ಜೋರಾಗಿ ಹೇಳತೊಡಗಿದಳು. ಹಲ್ಲಿನ ಕಥೆ ಮುಗಿದು ಶಾಲೆಯ ಕಥೆ ಬಂತು, ಅದೂ ಮುಗಿಯುತ್ತ ಬಂತು.

"ಆಯ್ತು ಕಣವ್ವ," ಎಂದರು ಕೆಂಡಗಣ್ಣಪ್ಪನವರು.

ಇಬ್ಬರ ಕಿವಿಯೂ ಕೆಂಪಾಗಿತ್ತು. ಯಾರೂ ನಗಲಿಲ್ಲ. ಅವಳು ನನ್ನನ್ನು ತೆಗೆದುಕೊಂಡಳು. ನಾನು ಬೆಚ್ಚಗಿದ್ದೆ. ಎರಡು ದಿನ ಕಳೆದು ಅವರು ಮನೆಗೆ ಹೋದರು.

ಆಮೇಲೆ ಪ್ಲಾಸ್ಟಿಕ್ಕಿನ ಪಾಟುಗಳು ಬಂದವು. ನನ್ನ ತಳ ತೂತಾಯಿತು. ಈಗ ಮುರಿದ ಸ್ಟೂಲುಗಳ ಜೊತೆ ಸ್ಟೋರಿನ ಮೂಲೆಯಲ್ಲಿದ್ದೇನೆ, ಗುಜರಿಯವನು ಬರುವವರೆಗೆ. ಕತ್ತಿನ ನಾಳ ಕೊಯ್ಯಿಸಿಕೊಂಡವರು ಇಷ್ಟೇ ದಿನಕ್ಕೆ ಮನೆಗೆ ಹೋಗುತ್ತಾರೆಂದು ಡಾಕ್ಟರು ಅಂದಾಜು ಹೇಳುತ್ತಾರೆ. ವಯಸ್ಸು ನೋಡುತ್ತಾರೆ, ಬಿ.ಪಿ. ನೋಡುತ್ತಾರೆ, ಗಾಯ ನೋಡುತ್ತಾರೆ. ನಾಚಿಕೆ ಯಾವ ಯಂತ್ರದಲ್ಲೂ ಕಾಣುವುದಿಲ್ಲ. ಗೋಡೆಯ ಆಚೆಯೇ ವಾರ್ಡು. ಯಾರೋ ವಯಸ್ಸಾದವರು ಏನೋ ಕೇಳಲೆಂದು ಗಂಟಲು ಸರಿಮಾಡಿಕೊಳ್ಳುತ್ತಾರೆ, ಕೇಳದೆ ಸುಮ್ಮನಾಗುತ್ತಾರೆ. ಕೇಳಿಬಿಡಿ ಯಜಮಾನರೇ ಎನ್ನಬೇಕೆನಿಸುತ್ತದೆ. ನನಗೆ ಬಾಯಿದೆ, ಮಾತಿಲ್ಲ.