ಬೀರುವಿನ ಮೇಲಿನ ಡಬ್ಬ

ಅರಕಲಗೂಡಿನ ಅತ್ತೆ ಮನೆಗೆ ಪಾಲಾಕ್ಷ ಹನ್ನೆರಡು ವರ್ಷದಿಂದ ದೊಡ್ಡಳಿಯ. ಬರೀ ದೊಡ್ಡಳಿಯನಲ್ಲ, ಕಂಪ್ಯೂಟರ್ ಗೊತ್ತಿರುವ ಅಳಿಯ. ಚನ್ನರಾಯಪಟ್ಟಣದಲ್ಲಿ ಅವನದೊಂದು ರಿಪೇರಿ ಅಂಗಡಿ, ‘ಪಾಲಾಕ್ಷ ಕಂಪ್ಯೂಟರ್ಸ್’. ಅತ್ತೆಯ ಟಿವಿ ಮಂಕಾದರೂ, ಫೋನಿನಲ್ಲಿ ಫೋಟೊ ಕಾಣೆಯಾದರೂ, ಕಡೆಗೆ ಮಿಕ್ಸಿಯಿಂದ ಸುಟ್ಟ ವಾಸನೆ ಬಂದರೂ ಆಕೆಯ ಬಾಯಲ್ಲಿ ಬರುತ್ತಿದ್ದುದು ಒಂದೇ ಮಾತು: “ದೊಡ್ಡಳಿಯಂದ್ರಿಗೆ ಫೋನ್ ಮಾಡ್ರೇ.” ಆ ಮಾತು ಕಿವಿಗೆ ಬಿದ್ದರೆ ಸಾಕು, ಪಾಲಾಕ್ಷ ಅಂಗಡಿಗೆ ಬೀಗ ಜಡಿದು, ಹೊಳೆನರಸೀಪುರ ದಾಟಿ, ಬೈಕಿನಲ್ಲಿ ಹಾಜರಾಗುತ್ತಿದ್ದ.

ಈ ಸಲದ ಸಂಕ್ರಾಂತಿಗೆ ಹೆಂಡತಿ ನೀಲಾಂಬಿಕೆಯ ಜೊತೆ ಬಂದು ಚಪ್ಪಲಿ ಬಿಡುವಾಗಲೇ ನಡುಮನೆಯ ಬೀರುವಿನ ಮೇಲೊಂದು ಕಪ್ಪು ಡಬ್ಬ ಕಣ್ಣಿಗೆ ಬಿತ್ತು. ಹಳೇ ಕಂಪ್ಯೂಟರಿನ ಪೆಟ್ಟಿಗೆ. ಮುಂದೆ ಹಸಿರು ದೀಪ ಮಿನುಗುತ್ತಿತ್ತು, ಹಿಂದೆ ಎರಡು ಕೇಬಲ್ಲು. ಮೇಲೆ ವಿಭೂತಿ, ಕುಂಕುಮ, ಒಂದು ಚೆಂಡು ಹೂವು ಬೇರೆ.

“ನಮ್ ಚಿಕ್ಕಳಿಯಂದ್ರು ಮಾಡಿಟ್ಟವ್ರೆ ಕಣಪ್ಪ,” ಎಂದರು ಅತ್ತೆ. ಆಕೆ ಮನೆಯಲ್ಲೇ ಹೊಲಿಗೆ ಕಲಿಸುವವರು. “ಮೊದ್ಲು ನಮ್ ಹುಡ್ಗೀರು ಬ್ಲೌಸ್ ಡಿಸೈನ್ ನೋಡಕ್ಕೆ ಕುಂತ್ರೆ ನೆಟ್ಟು ನಿಂತೇ ಓಗೋದು. ಲಾಟ್ರಿ ಒಡ್ದದೆ ಇಲ್ಲೊತ್ತಿ ಅಂತ ಬೇರೆ ಬತ್ತಿದ್ವಲ್ಲ, ಈಗ ಒಂದೂ ಬರಕಿಲ್ಲ. ಬಾಗ್ಲಲ್ಲಿ ಆಳು ಕುಂಡ್ರುಸ್ದಂಗೆ!”

ಚಿಕ್ಕಳಿಯ ಸಿದ್ದೇಶ್ವರನದು ಸಾಲಗಾಮೆಯಲ್ಲಿ ಗೊಬ್ಬರದಂಗಡಿ. ಯೂರಿಯಾ ಮೂಟೆಗಳ ನಡುವೆ ಕೂತು ಫೋನಿನಲ್ಲಿ ವಿಡಿಯೊ ನೋಡಿ, ಹಳೇ ಕಂಪ್ಯೂಟರಿಗೆ ಲಿನಕ್ಸ್ ಹಾಕಿ, ಮನೆಗೆ ಬರುವ ನೆಟ್ಟನ್ನೆಲ್ಲ ಸೋಸಿ ಒಳಗೆ ಬಿಡುವ ಫೈರ್‌ವಾಲ್ ಮಾಡಿದ್ದಾನೆ, ಪುಣ್ಯಾತ್ಮ. ಪಾಲಾಕ್ಷ ಹದಿನೈದು ವರ್ಷದಿಂದ ವಿಂಡೋಸ್ ಹಾಕಿಕೊಡುತ್ತ, ಕೀಬೋರ್ಡ್ ಬದಲಾಯಿಸುತ್ತ ಬಂದವನು. ಲಿನಕ್ಸನ್ನು ನಾಳೆ ಕಲಿತರಾಯಿತು ಎಂದುಕೊಂಡೇ ಅಷ್ಟೂ ವರ್ಷ ಕಳೆದಿದ್ದ. ಅವನ ಹೊಟ್ಟೆಯಲ್ಲಿ ಹಸಿ ಮೆಣಸಿನಕಾಯಿ ಅರೆದಂತಾಯಿತು.

ಹತ್ತಿರ ಹೋಗಿ ನೋಡಿದ. ಡಬ್ಬದ ಮಗ್ಗುಲಲ್ಲಿ ಅರ್ಧ ಕಿತ್ತ ಸ್ಟಿಕ್ಕರು: ‘ಪಾಲಾಕ್ಷ ಕಂಪ್ಯೂಟರ್ಸ್, ಚನ್ನರಾ’. ಆಗ ನೆನಪಾಯಿತು. ಆಯುಧಪೂಜೆಗೆ ಅಂಗಡಿ ಗುಡಿಸುವಾಗ ಗುಜರಿಗೆಂದು ತೆಗೆದಿಟ್ಟಿದ್ದ ಸಾಮಾನನ್ನು ಸಿದ್ದೇಶ್ವರ ಬಂದು ಕೇಳಿದ್ದ. ಹಳೇ ಮದರ್‌ಬೋರ್ಡು, ರ‍್ಯಾಮು, ಎರಡು ನೆಟ್‌ವರ್ಕ್ ಕಾರ್ಡು ಎಲ್ಲ ಒಂದು ಗೋಣಿಚೀಲದಲ್ಲಿ ತುಂಬಿಕೊಟ್ಟು, “ತಗೊಂಡೋಗಪ್ಪ, ಕೊಳೆಸಿ ಗೊಬ್ಬರ ಮಾಡು,” ಎಂದು ಪಾಲಾಕ್ಷನೇ ನಕ್ಕಿದ್ದ.

ಅಷ್ಟರಲ್ಲಿ ಕಿವಿಗೊಂದು ಸದ್ದು ಬಿತ್ತು. ಕಿರ್ರ್, ಕಿರ್ರ್. ಬೇರೆಯವರಿಗೆ ಕೇಳಿಸದಷ್ಟು ಸಣ್ಣದು. ಒಳಗಿನ ಫ್ಯಾನು ಎಣ್ಣೆಯಾರಿ ಒಣಗಿತ್ತು. ಹೆಚ್ಚೆಂದರೆ ಎರಡು ತಿಂಗಳು, ಯುಗಾದಿಯ ಹೊತ್ತಿಗೆ ನಿಂತುಹೋಗುತ್ತದೆ, ಡಬ್ಬ ಕಾದು ಮಲಗುತ್ತದೆ. ಹೇಳಲೇ ಎಂದು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ. ಬಂದಾಗಿನಿಂದ ಅವನಿಗೆ ಖುಷಿಯಾದದ್ದು ಆಗಲೇ.

ಆ ಖುಷಿ ಊಟದವರೆಗೂ ಉಳಿಯಲಿಲ್ಲ. ಹನ್ನೆರಡು ವರ್ಷದಿಂದ ಎಲ್ಲರಿಗಿಂತ ಮೊದಲು ಅವನ ಎಲೆಗೇ ಬರುತ್ತಿದ್ದ ತುಪ್ಪದ ಮಿಳ್ಳೆ ಇವತ್ತು ಸೀದಾ ಸಿದ್ದೇಶ್ವರನ ಎಲೆಗೆ ಹೋಯಿತು. ಅತ್ತೆಗೆ ಅದು ಗೊತ್ತೂ ಆಗಲಿಲ್ಲ. ಪಾಲಾಕ್ಷ ಹಿತಕಿದವರೆ ಸಾರನ್ನು ಬರೀ ಕಲಸುತ್ತ ಕೂತ.

ಊಟವಾದ ಮೇಲೆ ಒಬ್ಬನೇ ಜಗಲಿಯಲ್ಲಿ ಕೂತು ಫೋನ್ ತೆಗೆದ. ಡಬ್ಬದೊಳಗೆ ಹೇಗಾದರೂ ಹೊಕ್ಕು ಒಂದು ಹುಳುಕು ಹುಡುಕಬೇಕು, ಸಿಗದಿದ್ದರೆ ತಾನೇ ಏನಾದರೂ ಕೆಡಿಸಿಬಿಡಬೇಕು. ಪಾಸ್‌ವರ್ಡ್ ಕೇಳಿತು. ಸಿದ್ದೇಶ್ವರನ ಹೆಸರು ಹೊಡೆದ, ಅವನ ಹೆಂಡತಿ ಪ್ರೇಕ್ಷಾಳ ಹೆಸರು ಹೊಡೆದ, ಸಾಲಗಾಮೆ ಅಂದ, ಯೂರಿಯಾ ಅಂದ. ಯಾವುದೂ ಅಲ್ಲ. ಹತ್ತನೇ ಸಲಕ್ಕೆ ಪರದೆ ಬೆಳ್ಳಗಾಗಿ ನೆಟ್ಟೇ ಹೊರಟುಹೋಯಿತು.

ಪಾಲಾಕ್ಷ ಎದ್ದು ಬಂದು ನಡುಮನೆಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದ: “ಏನಪ್ಪ ಸಿದ್ದೇಶ, ನಿನ್ ಡಬ್ಬ ಮಲಿಕ್ಕಬುಡ್ತಲ್ಲ! ನೆಟ್ಟೇ ಇಲ್ಲ! ನಂಗೆ ಗೊತ್ತಿತ್ತು ಬುಡು.”

“ನಂಗೆ ನೆಟ್ಟು ಬತ್ತಾ ಅದಲ್ಲ ಭಾವ,” ಎಂದಳು ಪ್ರೇಕ್ಷಾ, ಫೋನಿನಿಂದ ತಲೆ ಎತ್ತದೆ.

“ನೋಡ್ತೀನಿ ತಡಿ ಅಣ್ಣ,” ಎಂದು ಸಿದ್ದೇಶ್ವರ ಲ್ಯಾಪ್‌ಟಾಪ್ ತೆರೆದ. ಪಾಲಾಕ್ಷ ಅವನ ಹೆಗಲ ಹಿಂದೆಯೇ ನಿಂತ. ಬಾಗಿಲಿಗೆ ಬಂದವರನ್ನೆಲ್ಲ ಡಬ್ಬ ಬರೆದಿಟ್ಟುಕೊಂಡಿತ್ತು. ತಪ್ಪು ಪಾಸ್‌ವರ್ಡ್ ಹತ್ತು ಸಲ, ಫೋನ್ ಹೊರಕ್ಕೆ ಹಾಕಲಾಗಿದೆ. ಪಕ್ಕದಲ್ಲೇ ಫೋನಿನ ಹೆಸರು. ಗಿರಾಕಿಗಳ ಕಣ್ಣಿಗೆ ಬೀಳಲಿ ಎಂದು ಪಾಲಾಕ್ಷ ತನ್ನ ಫೋನಿಗೂ ಅಂಗಡಿಯ ಹೆಸರನ್ನೇ ಇಟ್ಟಿದ್ದ. ‘ಪಾಲಾಕ್ಷ ಕಂಪ್ಯೂಟರ್ಸ್’ ಎಂದು ಹತ್ತು ಸಾಲು ಒಂದರ ಕೆಳಗೊಂದು ನಿಂತಿದ್ದವು.

ಸಿದ್ದೇಶ್ವರ ಓದಿದ. ಒಂದು ಸಲ ತಿರುಗಿ ಪಾಲಾಕ್ಷನ ಮುಖ ನೋಡಿದ. ಲ್ಯಾಪ್‌ಟಾಪ್ ಮುಚ್ಚಿದ.

“ಅಣ್ಣ ಏಳಿದ್ದು ಸರಿ ಅತ್ತೆ. ನಾನೇ ಎಲ್ಲೋ ಎಡವಟ್ಟು ಮಾಡಿದ್ದೆ. ಅಣ್ಣ ನೋಡ್ದೆ ಓಗಿದ್ರೆ ಗೊತ್ತೇ ಆಯ್ತಿರ್ನಿಲ್ಲ.”

“ನೋಡ್ದ್ರಾ!” ಅತ್ತೆಯ ಮುಖ ಅರಳಿತು. “ಎಷ್ಟಾದ್ರೂ ದೊಡ್ಡಳಿಯಂದ್ರು ದೊಡ್ಡಳಿಯಂದ್ರೇ. ಮೊದ್ಲು ಅವ್ರಿಗೆ ಕಾಫಿ ಕೊಡ್ರೇ.”

ಬೆಳಗಿನಿಂದ ಕಾದಿದ್ದ ಮಾತು ಅದೇ. ಕಾಫಿಯೂ ಮೊದಲು ಅವನಿಗೇ ಬಂತು. ಆದರೆ ಲೋಟ ಹಿಡಿದ ಪಾಲಾಕ್ಷನಿಗೆ ಮೈಯೆಲ್ಲ ಉರಿಯಿತು. ಗುಜರಿ ಕೊಟ್ಟವನು ನಾನು, ಮರ್ಯಾದೆ ಕೊಟ್ಟವನು ಇವನು! ಲಿನಕ್ಸಿನಲ್ಲಿ ಮೇಲಾದದ್ದು ಸಾಲದೆಂದು ದೊಡ್ಡ ಮನಸ್ಸಿನಲ್ಲೂ ಈ ಗೊಬ್ಬರದವನೇ ಮೇಲಾಗಬೇಕೆ? ಅದನ್ನು ಮಾತ್ರ ಅವನಿಂದ ತಡೆದುಕೊಳ್ಳಲಾಗಲಿಲ್ಲ.

“ಡಬ್ಬ ಕೆಟ್ಟಿರ್ನಿಲ್ಲ ಅತ್ತೆ,” ಎಂದುಬಿಟ್ಟ. “ನಾನೇ ಕದ್ದು ಒಳಕ್ಕೆ ನುಗ್ಗಕ್ಕೋಗಿದ್ದೆ. ಏನಾರ ಕೆಟ್ಟೋಗ್ಲಿ ಅಂತ್ಲೇ ಓಗಿದ್ದು. ಅದು ನನ್ನ ಆಚೆಗೆ ದಬ್ತು. ಸಿದ್ದೇಶ ಸುಳ್ಳೇಳ್ತಾವ್ನೆ.”

ಅತ್ತೆ ಸೆರಗು ಬಾಯಿಗೆ ಹಿಡಿದು ನಕ್ಕರು, ಪ್ರೇಕ್ಷಾ ನಕ್ಕಳು. ಸಿದ್ದೇಶ್ವರನ ಮುಖ ಮಾತ್ರ ಸಣ್ಣಗಾಯಿತು. ಅದನ್ನು ನೋಡಿ ಪಾಲಾಕ್ಷನ ಹೊಟ್ಟೆ ತಣ್ಣಗಾಯಿತು. ಕಾಫಿ ಬಲು ರುಚಿಯಾಗಿತ್ತು.

ಸಂಜೆ ಬೈಕು ಹೊಳೆನರಸೀಪುರ ದಾಟುವಾಗ ಹಿಂದೆ ಕೂತಿದ್ದ ನೀಲಾಂಬಿಕೆ ಅವನ ಹೆಗಲ ಮೇಲೆ ಕೈಯಿಟ್ಟಳು. “ಅಷ್ಟು ಜನದ್ ಮುಂದೆ ನಿಜ ಒಪ್ಕಂಡ್ರಲ್ಲ, ನಂಗೆ ಎಂಗಾಯ್ತು ಗೊತ್ತೇನ್ರೀ? ನಿಮ್ ಮನ್ಸಲ್ಲಿ ಏನೂ ಮಡಿಕ್ಕಳಕಿಲ್ಲ ನೀವು.”

ಪಾಲಾಕ್ಷ ಗೇರು ಬದಲಿಸಿ ಬೈಕು ಜೋರು ಮಾಡಿದ. ಫ್ಯಾನಿನ ವಿಷಯ ಅವನು ಯಾರಿಗೂ ಹೇಳಿರಲಿಲ್ಲ. ಅತ್ತೆಯ ಹೊಲಿಗೆ ಮಷೀನಿನ ಎಣ್ಣೆ ಒಂದು ತೊಟ್ಟು ಬಿಟ್ಟಿದ್ದರೂ ಇನ್ನೊಂದಿಷ್ಟು ದಿನ ತಿರುಗುತ್ತಿತ್ತು.

ಮರುದಿನ ಅಂಗಡಿ ತೆರೆದವನು ಮೊದಲು ಮಾಡಿದ ಕೆಲಸ, ಅದೇ ಅಳತೆಯ ಒಂದು ಹೊಸ ಫ್ಯಾನನ್ನು ತೆಗೆದು, ಅದರ ರಟ್ಟಿನ ಡಬ್ಬಿಯ ಮೇಲೆ ‘ಅತ್ತೆ ಮನೆ’ ಎಂದು ಬರೆದು ಗಲ್ಲಾಪೆಟ್ಟಿಗೆಯ ಹಿಂದೆ ಇಟ್ಟದ್ದು. ಮಧ್ಯಾಹ್ನ ಒಬ್ಬ ಗಿರಾಕಿ ಅಂಥದ್ದನ್ನೇ ಕೇಳಿದ. ಸ್ಟಾಕಿಲ್ಲ ಎಂದು ಕಳಿಸಿದ. ಆಮೇಲೆ ಕ್ಯಾಲೆಂಡರಿನಲ್ಲಿ ಯುಗಾದಿ ಯಾವತ್ತು ಎಂದು ನೋಡಿಕೊಂಡ. ಅವತ್ತು ಅತ್ತೆಯ ಫೋನು ಬಂದೇ ಬರುತ್ತದೆ. ಯಾವ ಅಳಿಯನಿಗೆ ಬರುತ್ತದೆ ಎಂಬುದೊಂದು ಅವನಿಗೆ ಗೊತ್ತಾಗಬೇಕಿತ್ತು.