ಬಾಣಂತಿ ಮನೆಗೆ ಬಂದ ಗೆಳತಿ

ಹರವೆ ಊರಿನ ಮನೆಯ ಬಚ್ಚಲಲ್ಲಿ ಶಾಂತಮಲ್ಲಮ್ಮ ಕಾಲು ನೀಡಿ ಕೂತು ಮೊಮ್ಮಗಳಿಗೆ ಎಣ್ಣೆ ತಿಕ್ಕಿ ನೀರು ಹಾಕುತ್ತಿದ್ದರು. ಹಂಡೆಯ ಹಬೆಯಲ್ಲಿ ಮಗು ಚೀರುತ್ತಿತ್ತು. ಸೊಸೆ ಪವಿತ್ರ ಟವೆಲ್ ಹಿಡಿದು ಬಾಗಿಲಿಗೆ ಒರಗಿ ನಿಂತಿದ್ದಳು. ಹೆತ್ತು ತಿಂಗಳು ಕಳೆದಿದ್ದರೂ ಆ ಅಳು ಅವಳಿಗೆ ಪಕ್ಕದ ಮನೆಯ ಮಗುವಿನ ಅಳುವಿನಂತೆ ಕೇಳುತ್ತಿತ್ತು.

ಗುಂಡ್ಲುಪೇಟೆಯ ತವರಿನಲ್ಲಿ ತಾಯಿ ಇರಲಿಲ್ಲ. ಪವಿತ್ರಳ ಮದುವೆಗೆ ಮುಂಚೆಯೇ ತೀರಿಹೋಗಿದ್ದರು. ಹಾಗಾಗಿ ಬಾಣಂತನ ಅತ್ತೆಯದೇ. ಶಾಂತಮಲ್ಲಮ್ಮ ಯಾವುದಕ್ಕೂ ಕಡಿಮೆ ಮಾಡಿರಲಿಲ್ಲ. ಬೆಳ್ಳುಳ್ಳಿ, ಮೆಣಸಿನ ಸಾರು, ಸಾಂಬ್ರಾಣಿ ಹೊಗೆ ಎಲ್ಲವೂ ಹೊತ್ತಿಗೆ ಸರಿಯಾಗಿ. ಆದರೂ ಸೊಸೆ ತಟ್ಟೆಯ ಮುಂದೆ ಕೂತು ಅಳುತ್ತಿದ್ದಳು. ಚಾಮರಾಜನಗರದ ಅರಿಸಿನ ಮಂಡಿಯಲ್ಲಿ ಕೆಲಸ ಮಾಡುವ ಗಂಡ ಸೋಮೇಶ ಕೇಳಿದರೆ, ಏನಿಲ್ಲ ಎನ್ನುತ್ತಿದ್ದಳು. ಗಾಳಿ ಸೋಕಿರಬೇಕೆಂದು ಅತ್ತೆ ದೃಷ್ಟಿ ತೆಗೆದರು. ಎದುರುಮನೆಯ ಪುಟ್ಟಮಲ್ಲಮ್ಮ ಮಾತ್ರ, ಹೆತ್ತ ಕೂಸನ್ನು ಮುದ್ದಾಡದ ತಾಯಿಯನ್ನು ತಾನೆಲ್ಲೂ ಕಂಡಿಲ್ಲವೆಂದು ಪವಿತ್ರಳಿಗೆ ಕೇಳುವಂತೆಯೇ ಅಂದು ಹೋದರು.

ಆ ವಾರವೇ ಭಾಗ್ಯ ಬಂದಳು. ಗುಂಡ್ಲುಪೇಟೆಯ ಕಾಲೇಜಿನಲ್ಲಿ ಪವಿತ್ರಳ ಪಕ್ಕದಲ್ಲೇ ಕೂರುತ್ತಿದ್ದವಳು ಈಗ ಚಾಮರಾಜನಗರದಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಳು. ಮಗುವಿಗೆಂದು ಹೊಲಿದು ತಂದ ಅಂಗಿಯನ್ನು ಬದಿಗಿಟ್ಟು ಗೆಳತಿಯ ಮುಖವನ್ನೇ ನೋಡಿದಳು. ಅಷ್ಟೇ ಸಾಕಾಯಿತು. ಯಾರಿಗೂ ಹೇಳದ್ದನ್ನು ಪವಿತ್ರ ಹೇಳಿಬಿಟ್ಟಳು.

"ಇದ್ರ ಮೇಲೆ ನಂಗೆ ಪ್ರೀತಿನೇ ಬರ್ತಿಲ್ಲ ಕಣೆ ಭಾಗ್ಯ. ಎತ್ಕಳಕ್ಕೂ ಭಯ. ನಾನು ತಾಯಾಗಕ್ಕೇ ಲಾಯಕ್ಕಿಲ್ಲ."

ಭಾಗ್ಯ ಗಾಬರಿಯಾಗಲಿಲ್ಲ. ತನ್ನ ಮಗಳು ಹುಟ್ಟಿದಾಗ ತನಗೂ ಹೀಗೇ ಆಗಿತ್ತೆಂದಳು. ಕೂಸನ್ನು ಬಸ್ಸಿನ ಸೀಟಿನಲ್ಲೇ ಬಿಟ್ಟು ಇಳಿದುಬಿಡೋಣ ಎನಿಸಿದ್ದನ್ನೂ ಮುಚ್ಚಿಡದೆ ಹೇಳಿದಳು. "ಇದು ಕಾಯಿಲೆ ಕಣಮ್ಮಿ, ಜ್ವರ ಬಂದಂಗೆ. ನಿನ್ ಕೆಟ್ಟತನ ಅಲ್ಲ. ಇದ್ಕೂ ಡಾಕ್ಟ್ರು ಅವ್ರೆ, ಹೋಗನ."

ಕಷಾಯ ಹಿಡಿದು ಬಂದ ಶಾಂತಮಲ್ಲಮ್ಮ ಬಾಗಿಲಲ್ಲೇ ನಿಂತಿದ್ದರು. ಅವರಿಗೆ ಸಿಟ್ಟಿಗಿಂತ ದಿಗಿಲೇ ಹೆಚ್ಚು. "ಬಾಣಂತೀನ ಹುಚ್ಚಿನ ಡಾಕ್ಟ್ರ ತಾವಕ್ಕೆ ಕರ್ಕೊಂಡೋದ್ರೆ ಊರೋರು ಏನಂದಾರವ್ವ? ನಾವೂ ಹೆತ್ತಿಲ್ವಾ, ಅತ್ಕೊಂಡೇ ಎದ್ದು ಗೇಯ್ಲಿಲ್ವಾ?"

"ಊರೋರು ಏನಂದಾರು ಅಂತ ನಮ್ಮವ್ವನೂ ಒಂದೊರ್ಸ ಸುಮ್ಕಿತ್ತು ಕಣವ್ವ," ಎಂದಳು ಭಾಗ್ಯ ಮೆಲ್ಲಗೆ. "ನನ್ ಮಗ್ಳು ಮೊದ್ಲು ನಕ್ಕಿದ್ದು ಯಾವಾಗ ಅಂತ ಕೇಳಿದ್ರೆ ನಂಗೆ ಗೊತ್ತೇ ಇಲ್ಲ."

ಶಾಂತಮಲ್ಲಮ್ಮ ಲೋಟ ಕೆಳಗಿಟ್ಟು ಗೋಡೆಗೊರಗಿ ಕೂತರು. ಸೋಮೇಶ ಹುಟ್ಟಿದ ವರ್ಷ ತಾವು ಹಿತ್ತಿಲಿನಲ್ಲಿ ಕೂತು ಅಳುತ್ತಿದ್ದರೂ ಯಾಕೆಂದು ಯಾರೂ ಕೇಳಿರಲಿಲ್ಲ ಎಂದರು. ಆಮೇಲೆ ಎದ್ದು, ಒಳಗಿಂದ ಉಣ್ಣೆಯ ಶಾಲು ತಂದು ಸೊಸೆಯ ತಲೆಗೆ ಸುತ್ತಿದರು.

"ಕಿವಿಗೆ ಗಾಳಿ ಓಗ್ದಂಗೆ ಕಟ್ಕೊ. ಮಗೀನ ನಾನೆತ್ಕತೀನಿ. ನಾನೂ ಬತ್ತೀನಿ."

ಚಾಮರಾಜನಗರದ ವೈದ್ಯೆ ಪವಿತ್ರಳ ಮಾತನ್ನು ಅವಸರವಿಲ್ಲದೆ ಕೇಳಿದರು. ಹೆರಿಗೆಯ ನಂತರ ಅನೇಕ ತಾಯಂದಿರಿಗೆ ಹೀಗಾಗುತ್ತದೆ, ವಾಸಿಯೂ ಆಗುತ್ತದೆ ಎಂದರು. ಹಾಲೂಡಿಸುವವರಿಗೆ ಒಗ್ಗುವ ಮಾತ್ರೆ ಕೊಟ್ಟರು. ಇವಳ ನಿದ್ದೆ ಕೆಡಿಸಬೇಡಿ, ಒಂಟಿಯಾಗಿ ಬಿಡಬೇಡಿ ಎಂದು ಮಂಡಿಯಿಂದ ಓಡಿಬಂದಿದ್ದ ಸೋಮೇಶನಿಗೂ ಹೇಳಿದರು. ಬೆಳಗಿನ ಜಾವ ಮಗು ಅತ್ತರೆ ಅವನೇ ಎತ್ತಿಕೊಂಡು ತಿರುಗಾಡುವುದನ್ನು ಕಲಿತ. ಭಾನುವಾರ ಭಾಗ್ಯ ರವಿಕೆಗಳ ರಾಶಿ ತಂದು ಜಗಲಿಯಲ್ಲಿ ಕೂರುತ್ತಿದ್ದಳು. ಗೆಳತಿಯರಿಬ್ಬರೂ ಹುಕ್ಕು ಹಾಕುತ್ತಾ ಹರಟುತ್ತಿದ್ದರು.

ಪ್ರೀತಿ ಒಂದೇ ದಿನಕ್ಕೆ ಬರಲಿಲ್ಲ. ಅಂಥ ಒಂದು ಭಾನುವಾರ ಮಧ್ಯಾಹ್ನ ಮಗು ತನ್ನ ಸೀನಿಗೆ ತಾನೇ ಬೆಚ್ಚಿ ಕಣ್ಣರಳಿಸಿತು. ಪವಿತ್ರಳಿಗೆ ನಗು ತಡೆಯಲಾಗಲಿಲ್ಲ. ಸೂಜಿ ಬದಿಗಿಟ್ಟು, ಯಾರೂ ಹೇಳದೆಯೇ ಎತ್ತಿಕೊಂಡಳು. ಎಣ್ಣೆ, ಹಾಲು ಬೆರೆತ ವಾಸನೆಯ ಆ ನೆತ್ತಿಗೆ ಮೂಗಿಟ್ಟು ಬಹಳ ಹೊತ್ತು ಕೂತಳು. ಭಾಗ್ಯ ತಲೆ ಎತ್ತದೆ ಹುಕ್ಕು ಹಾಕುತ್ತಲೇ ಇದ್ದಳು.

ಮಗು ಅಂಬೆಗಾಲಿಡುವ ಹೊತ್ತಿಗೆ ಒಂದು ಸಂಜೆ ಪುಟ್ಟಮಲ್ಲಮ್ಮ ಬಂದು ಜಗಲಿಯ ತುದಿಯಲ್ಲಿ ಕೂತರು. ಅವರ ಮಗಳು ಬಾಣಂತನಕ್ಕೆ ಬಂದಿದ್ದಳು. ಅದೂ ಇದೂ ಮಾತಾಡಿ ಕೊನೆಗೆ ದನಿ ತಗ್ಗಿಸಿ, ಮಗಳು ಉಣ್ಣದೆ ಗೋಡೆಯ ಕಡೆ ತಿರುಗಿ ಮಲಗಿದ್ದಾಳೆ ಎಂದರು. "ಆ ಡಾಕ್ಟ್ರಮ್ಮ ಯಾವೊತ್ತು ಸಿಕ್ಕಾರು ಶಾಂತಮಲ್ಲಮ್ಮ?"

ಶಾಂತಮಲ್ಲಮ್ಮ ಹಳೆಯದನ್ನೇನೂ ಎತ್ತಲಿಲ್ಲ; ಸೊಸೆಯನ್ನು ಕರೆದರು. ವಿಷಯ ಕೇಳಿದ ಪವಿತ್ರ ಮಗುವನ್ನು ಸೊಂಟಕ್ಕೇರಿಸಿಕೊಂಡು ಚಪ್ಪಲಿ ಮೆಟ್ಟಿದಳು.

"ಡಾಕ್ಟ್ರ ತಾವಕ್ಕೆ ನಾಳೆ ಹೋಗನ ಪುಟ್ಟವ್ವ. ಈಗ ಬನ್ನಿ, ಅವಳ ತಾವ ಒಸಿ ಕುಂತ್ಕತೀನಿ," ಎಂದು ಎದುರುಮನೆಯ ಕಡೆ ನಡೆದಳು.