ಕ್ಲಾರಿಯ ಕಣ್ಣೀರು

ಮುದುಕ ಕ್ಲಾರಿ ಪೆಂಗೆಲ್ಲಿ ಊರ ಕ್ಲಬ್ಬಿನ ಬಾಗಿಲು ತಳ್ಳಿಕೊಂಡು ಒಳಗೆ ಬರುತ್ತಿದ್ದಂತೆ ಮೂಲೆಯ ಮೇಜಿನ ನಗು ಗಕ್ಕನೆ ನಿಂತಿತು. "ಆ ಪುಡಿಂಗಿನ ರುಚಿ ಡಲ್ಸಿ ಜೊತೇನೇ ಹೋಯ್ತು ಬಿಡು" ಎನ್ನುತ್ತಿದ್ದ ನಾರ್ಮ್ ಅರ್ಧಕ್ಕೇ ಮಾತು ನುಂಗಿ, "ಈ ಸಲಾನೂ ಮಳೆ ಕೈ ಕೊಡ್ತು ಕಣಯ್ಯಾ" ಎಂದ. ಉಳಿದವರು ಹೌದೌದೆಂದು ತಲೆಯಾಡಿಸಿದರು.

ಕ್ಲಾರಿಯ ಹೆಂಡತಿ ಡಲ್ಸಿ ತೀರಿಕೊಂಡು ಎರಡು ವರ್ಷವಾಗಿತ್ತು. ಕ್ಲಾರಿ, ನಾರ್ಮ್ ಮತ್ತವರ ತಂಡ ಕುರಿಗಳ ಉಣ್ಣೆ ಕತ್ತರಿಸುತ್ತ ಊರೂರು ಅಲೆಯುತ್ತಿದ್ದ ಕಾಲದಲ್ಲಿ ಅಡುಗೆ ಮಾಡಿ ಅವರ ಹೊಟ್ಟೆ ನೋಡಿಕೊಂಡವಳು ಅವಳೇ. ಹೀಗಿದ್ದೂ ಗಂಡನ ಎದುರಿಗೆ ಯಾರೂ ಅವಳ ಹೆಸರೆತ್ತುತ್ತಿರಲಿಲ್ಲ. ಕಾರಣ ಕ್ಲಾರಿಯ ಕಣ್ಣು. ಕೂತರೆ ನಿಂತರೆ ಅದರಿಂದ ನೀರು ಸುರಿಯುತ್ತಿತ್ತು. "ಗಾಳಿಗೆ ಕಣ್ರೋ, ಧೂಳಿಗೆ" ಎಂದು ಅವನೆಷ್ಟು ಹೇಳಿದರೂ ಅವರು ನಂಬಲಿಲ್ಲ. ಪಾಪ, ಇನ್ನೂ ಅಳ್ತಾನೆ ಎಂದು ಮರುಗಿ ಮಾತು ಬದಲಿಸುತ್ತಿದ್ದರು. ಮನೆಯಲ್ಲಂತೂ ಮಾತಿಗೆ ಯಾರೂ ಇಲ್ಲ, ಇಲ್ಲಿ ಮಾತಿದ್ದರೂ ಅದರಲ್ಲಿ ಅವಳಿಲ್ಲ. ಡಲ್ಸಿ ಎರಡನೆಯ ಸಲ ಸತ್ತಂತೆ ಅನ್ನಿಸುತ್ತಿತ್ತು ಅವನಿಗೆ.

ಬೆಳಗ್ಗೆ ಎದ್ದರೆ ರೆಪ್ಪೆಯೊಳಗೆ ಮರಳು ಸುರಿದ ಹಾಗೆ ಚುಚ್ಚುತ್ತಿತ್ತು. ಕೆಂಪು ಹೋಗಲೆಂದು ಅಂಗಡಿಯಿಂದ ತಂದ ಹನಿ ಬಿಟ್ಟುಕೊಂಡ. ನೆನೆಸಿ ತಣ್ಣಗಾದ ಟೀ ಬ್ಯಾಗನ್ನು ರೆಪ್ಪೆಯ ಮೇಲೆ ಇಟ್ಟುಕೊಂಡ. ಒಂದು ಗಳಿಗೆ ಹಾಯೆನಿಸಿ ಮತ್ತೆ ಅದೇ ಉರಿ. ಒಂದು ದಿನ ಎಡಗಣ್ಣು ತೆರೆಯಲೇ ಆಗಲಿಲ್ಲ. ಕಿಟಕಿಯ ಬೆಳಕು ಸೂಜಿಯಂತೆ ನಾಟಿತು. ಕೈಯಲ್ಲಿದ್ದ ಪತ್ರಿಕೆಯ ಅಕ್ಷರ ಮಂಜಾಗಿತ್ತು.

ಡಲ್ಸಿಯ ತಂಗಿ ಮೇವಿಸ್ ಬ್ರೆಡ್ಡು ಕೊಡಲು ಬಂದವಳು, ಅಡುಗೆಮನೆಯಲ್ಲಿ ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡು ಕೂತಿದ್ದ ಅವನನ್ನು ನೋಡಿ ದಂಗಾದಳು.

"ಏನ್ ಭಾವ ಇದು? ತೆಗೀರಿ ಟೋಪಿ!"

"ನಾಳೆ ಹೊತ್ತಿಗೆ ಸರಿಹೋಗುತ್ತೆ ಬಿಡೇ. ಒಂದಿಷ್ಟು ಉರಿಗೆಲ್ಲ ಯಾರು ಡಾಕ್ಟರ ಹತ್ರ ಓಡ್ತಾರೆ?"

"ಉರಿಯಂತೆ ಉರಿ! ಕಣ್ಣು ಟೊಮೇಟೊ ಆಗಿದೆ. ಅಕ್ಕ ಇದ್ದಿದ್ರೆ ಕಿವಿ ಹಿಂಡಿ ಕರ್ಕೊಂಡು ಹೋಗೋಳು. ನಾನೂ ಹಿಂಡಲಾ?"

ಎಷ್ಟೋ ದಿನಗಳ ಮೇಲೆ ಯಾರೋ ಅವಳನ್ನು ನೆನೆದಿದ್ದರು. ಕ್ಲಾರಿ ಎದ್ದು ಮೇವಿಸಳ ಪಿಕಪ್ ಗಾಡಿ ಹತ್ತಿದ.

ದೊಡ್ಡ ಊರಿನ ಆಸ್ಪತ್ರೆಯಲ್ಲಿ ಕಣ್ಣಿನ ಡಾಕ್ಟರ್ ಫಾನ್ ಎಂಬ ಚಿಕ್ಕ ವಯಸ್ಸಿನ ಹೆಂಗಸು. ಕಣ್ಣಿಗೆ ಹಳದಿ ಬಣ್ಣ ಹಚ್ಚಿ, ನೀಲಿ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದಳು.

"ನಿಮ್ಮ ಕಣ್ಣು ಒಣಗಿದೆ."

"ಏನಮ್ಮಾ, ತಮಾಷೆ ಮಾಡ್ತೀರಾ? ಕರ್ಚೀಫು ಹಿಂಡೋ ಹಾಗಿದೆ!"

"ಒಣಗಿರೋದಕ್ಕೇ ಸುರೀತಿದೆ. ಕಣ್ಣು ಗಾಬರಿಯಾಗಿ ನೀರು ಬಿಡುತ್ತೆ. ಆದ್ರೆ ಅದನ್ನ ಹಿಡಿದಿಡೋ ಜಿಡ್ಡು ರೆಪ್ಪೇಲಿ ಸಾಲದು, ಜಾರಿಹೋಗುತ್ತೆ."

ಜಿಡ್ಡೆಂದರೆ ಕ್ಲಾರಿಗೆ ತಿಳಿಯದ್ದಲ್ಲ. ಉಣ್ಣೆಯ ಜಿಡ್ಡು ವರ್ಷಗಟ್ಟಲೆ ಅವನ ಅಂಗೈಯನ್ನು ಮಗುವಿನ ಕೆನ್ನೆಯಂತೆ ಇಟ್ಟಿತ್ತು.

"ನಿದ್ದೆಗೆ ಏನಾದ್ರೂ ತಗೋತೀರಾ?"

"ಹ್ಞೂಂ. ಅಂಗಡೀಲಿ ಸಿಗೋ ಅಲರ್ಜಿ ಮಾತ್ರೆ. ಹೆಂಡತಿ ಹೋದಾಗಿನಿಂದ. ಅದಿಲ್ದೆ ಕಣ್ಣು ಮುಚ್ಚಲ್ಲ."

"ಅದೂ ಒಣಗಿಸುತ್ತೆ." ಡಾಕ್ಟರ್ ದನಿ ಮೆತ್ತಗಾಯಿತು. "ಅದನ್ನ ಬಿಡಿ, ನಿದ್ದೆಗೆ ಬೇರೆ ದಾರಿ ಹುಡುಕೋಣ. ಕೆಂಪು ತೆಗೆಯೋ ಹನೀನೂ ಬೇಡ. ಮುಂದೆ ಬರೀ ಉರಿ ಇದ್ರೆ ಕಣ್ಣೀರಿನಂಥ ಹನಿ ಔಷಧಿ ಸಿಗುತ್ತೆ, ಅದನ್ನ ಹಾಕ್ಕೊಂಡು, ಬಿಸಿ ಬಟ್ಟೆ ಇಟ್ಕೊಂಡು ನೋಡಿ. ಕೆಲವು ವಾರ ಕಳೆದ್ರೂ ಕಮ್ಮಿ ಆಗದಿದ್ರೆ ಬನ್ನಿ. ನೋವು ಬಂದ್ರೆ, ಬೆಳಕು ಚುಚ್ಚಿದ್ರೆ, ಕಣ್ಣು ಮಂಜಾದ್ರೆ ಮಾತ್ರ ಅವತ್ತೇ ಹೊರಡಿ. ಈಗ್ಲೇ ಎಡಗಣ್ಣಿನ ಮೇಲೆ ಗಾಯ ಆಗಿದೆ. ಇನ್ನೂ ತಡ ಮಾಡಿದ್ದಿದ್ರೆ ದೃಷ್ಟಿಗೇ ಕುತ್ತು ಬರ್ತಿತ್ತು."

ಗಾಯ ಮಾಯುವವರೆಗೆ ಮೇವಿಸ್ ದಿನವೂ ಬಂದು ಡಾಕ್ಟರ್ ಕೊಟ್ಟ ಔಷಧಿ ಹಾಕಿದಳು. ಕಣ್ಣು ತಿಳಿಯಾದ ಮೇಲೆ ಒಂದು ಸಂಜೆ ಕ್ಲಾರಿ ಕ್ಲಬ್ಬಿಗೆ ಹೋದ. ಕೂರುವ ಮುಂಚೆಯೇ ಗಂಟಲು ಸರಿಮಾಡಿಕೊಂಡ.

"ಕೇಳ್ರೋ. ಎರಡು ವರ್ಷ ನಾನು ಅತ್ತಿದ್ದಲ್ಲ, ಅದು ಕಾಯಿಲೆ. ಡಾಕ್ಟರೇ ಹೇಳಿದ್ಲು. ಇನ್ನಾದ್ರೂ ಡಲ್ಸಿ ವಿಷಯ ಮಾತಾಡ್ರಪ್ಪಾ."

 ನಾರ್ಮ್ ಗ್ಲಾಸು ಪಕ್ಕಕ್ಕಿಟ್ಟ.

"ಆ ಉಣ್ಣೆ ಶೆಡ್ಡಿನ ಡ್ಯಾನ್ಸು ನೆನಪಿದೆಯೇನೋ? ನೀನು ಅವಳನ್ನ ಮೊದಲು ಕುಣಿಯಕ್ಕೆ ಕರೆದದ್ದು?"

"ನೆನಪಿಲ್ದೆ ಏನು. ಪಾಪ, ಅವಳನ್ನ ಯಾರೂ ಕರೆದಿರಲಿಲ್ಲ. ಅದಕ್ಕೇ ನನಗೂ ಧೈರ್ಯ ಬಂತು."

ನಾರ್ಮ್ ಮೇಜು ಕುಟ್ಟಿ ನಕ್ಕ. "ಲೋ ಪೆದ್ದೇ! ನಾನು ಕರೆದೆ, ಒಲ್ಲೆ ಅಂದ್ಲು. ಶೆಡ್ಡಿನ ಯಜಮಾನನ ಮಗ ಕರೆದ, ಅವನಿಗೂ ಒಲ್ಲೆ. ಯಾರಿಗಮ್ಮಾ ಕಾಯ್ತಿದ್ದೀಯ ಅಂದ್ರೆ, 'ಅಲ್ನೋಡು, ಹೊರಗೆ ಪ್ಯಾಂಟಿಗೆ ಶೂ ಉಜ್ತಾ ನಿಂತಿದಾನಲ್ಲ, ಅವನಿಗೆ. ಬೆಳಗಾಗೋದ್ರೊಳಗೆ ಬರ್ತಾನೆ' ಅಂದ್ಲು."

ಕ್ಲಾರಿ ಬಗ್ಗಿ ತನ್ನ ಶೂ ನೋಡಿಕೊಂಡ.

"ಶೂ ಉಜ್ಜಿದ್ದು ಅವಳಿಗೆ ಕಾಣಿಸ್ತಿತ್ತಾ?"

"ಅದನ್ನೇ ನೋಡ್ತಾ ನಿಂತಿದ್ಲಲ್ಲೋ!"

ಅವನ ಕಣ್ಣು ತುಂಬಿ ಬಂದು ಕೆನ್ನೆಯ ಗೆರೆಗಳಲ್ಲಿ ಇಳಿಯಿತು. ಈ ಸಲ ಯಾರೂ ಮಳೆಯ ಮಾತೆತ್ತಲಿಲ್ಲ. ನಾರ್ಮ್ ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡ. ಹೊರಗೆ ತಂತಿಯ ಮೇಲೆ ಗುಲಾಬಿ ಎದೆಯ ಗಿಳಿಗಳು ಒಂದೊಂದಾಗಿ ಬಂದು, ಒತ್ತೊತ್ತಾಗಿ ಸರಿದು, ಇನ್ನೊಂದಕ್ಕೆ ಜಾಗ ಮಾಡಿಕೊಡುತ್ತಿದ್ದವು.